ಕೇದರ್ ಕಾಯ್ದ ಹವಳ

ಮಳೆಗಾಲ ಮುಗಿದು ಕಡಲು ಸಮಾಧಾನಕ್ಕೆ ಬರುತ್ತಿದ್ದಂತೆ ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಮಂಜಿಗಳಿಗೆ ಸರಕು ತುಂಬುವ ಗಡಿಬಿಡಿ ಶುರುವಾಗುತ್ತದೆ. ಅಕ್ಕಿ, ಈರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ, ಮರಳು ಹೀಗೆ ಒಂದು ಊರಿಗೆ ಬೇಕಾದದ್ದೆಲ್ಲ ಆಳುಗಳ ತಲೆಯೇರಿ, ಹಲಗೆ ದಾಟಿ, ಮಂಜಿಯ ಹೊಟ್ಟೆ ಸೇರುತ್ತದೆ. ಎಲ್ಲವೂ ಹೋಗುವುದು ಲಕ್ಷದ್ವೀಪಕ್ಕೆ. ಬರುವಾಗ ಅವೇ ಮಂಜಿಗಳು ತೆಂಗಿನಕಾಯಿ, ಕೊಬ್ಬರಿ, ಒಣಮೀನು ಹೊತ್ತು ತರುತ್ತವೆ. ಮಂಜೇಶ್ವರದ ಕಡೆಯವನಾದ ನನಗೆ ಇದು ಚಿಕ್ಕಂದಿನಿಂದ ಕಂಡ ನೋಟ. ಆ ಮೂಟೆಗಳು ಇಳಿಯುವ ದಡ ಹೇಗಿದೆಯೆಂದು ನೋಡುವುದಕ್ಕೆ ಮಾತ್ರ ಮೇಷ್ಟ್ರ ಕೆಲಸದಿಂದ ನಿವೃತ್ತನಾಗಬೇಕಾಯಿತು.

ನಮಗೂ ಆ ದ್ವೀಪಗಳಿಗೂ ಇರುವುದು ಬರೀ ವ್ಯಾಪಾರದ ನಂಟಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನಿದಿವಿ ಗುಂಪಿನ ದ್ವೀಪಗಳು 1787ರಲ್ಲಿ ಟಿಪ್ಪುವಿನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರದ ಕೈಸೇರಿ ಕೆನರಾ ಜಿಲ್ಲೆಗೆ, ಮುಂದೆ ದಕ್ಷಿಣ ಕನ್ನಡಕ್ಕೆ ಸೇರಿಕೊಂಡವು. ದ್ವೀಪದವರು ಹೊಸೆದ ನಾರಿನ ಹುರಿಯನ್ನು ಸರ್ಕಾರಕ್ಕೇ ಒಪ್ಪಿಸಬೇಕಿತ್ತು, ಬದಲಿಗೆ ಅಕ್ಕಿ ಸಿಗುತ್ತಿತ್ತು. 1956ರ ನವೆಂಬರ್ 1ರಂದು, ಇತ್ತ ಕನ್ನಡ ನಾಡು ಒಂದಾದ ದಿನವೇ, ಅವು ಮಂಗಳೂರಿನ ಕಚೇರಿಯಿಂದ ಕಳಚಿಕೊಂಡು ಹೊಸ ಕೇಂದ್ರಾಡಳಿತ ಪ್ರದೇಶದ ಪಾಲಾದವು. ನಮ್ಮ ದಡದಿಂದ ಕಡಮತ್ ಸುಮಾರು ಮುನ್ನೂರು ಕಿಲೋಮೀಟರ್. ಬೆಂಗಳೂರು ಅದಕ್ಕಿಂತ ಹತ್ತಿರವೇನಲ್ಲ.

ನಾನು ಹೋದದ್ದು ಕೊಚ್ಚಿಯ ದಾರಿಯಾಗಿ. ಪ್ರವೇಶದ ಪರವಾನಗಿ ಕೈಗೆ ಬಂದ ಮೇಲೆ ಸಣ್ಣ ವಿಮಾನವೊಂದು ಅಗತ್ತಿಗೆ ಕರೆದೊಯ್ದಿತು. ಬಹಳ ಹೊತ್ತು ಕೆಳಗೆ ಕಪ್ಪುನೀಲಿ ನೀರಲ್ಲದೆ ಬೇರೇನೂ ಇರಲಿಲ್ಲ. ಆಮೇಲೆ ಒಮ್ಮೆಲೇ ತಿಳಿಹಸಿರು ನೀರಿನ ದೊಡ್ಡ ಬಟ್ಟಲು, ಅದರ ಅಂಚಿಗೆ ನೊರೆಯ ಬಿಳಿ ಗೆರೆ, ಗೆರೆಯ ಒಳಗೆ ಒಂದು ಪಟ್ಟಿ ತೆಂಗಿನ ತೋಟ ಕಂಡವು. ಆ ಪಟ್ಟಿಯ ತುದಿಯಲ್ಲೇ ಸುಮಾರು 1,200 ಮೀಟರ್ ಉದ್ದದ ರನ್‌ವೇ. ಇಳಿಯುವಾಗ ಎಡಕ್ಕೂ ನೀರು, ಬಲಕ್ಕೂ ನೀರು. ಪಕ್ಕದ ಸೀಟಿನ ಹೆಂಗಸು ನಿಶ್ಚಿಂತೆಯಿಂದ ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದರು.

ಲಕ್ಷದ್ವೀಪದ ಲೆಕ್ಕ ಒಪ್ಪಿಸುವುದು ಸುಲಭ, ಅರಗಿಸಿಕೊಳ್ಳುವುದು ಕಷ್ಟ. ಒಟ್ಟು 36 ದ್ವೀಪಗಳ ನೆಲವೆಲ್ಲ ಸೇರಿದರೂ 32 ಚದರ ಕಿಲೋಮೀಟರ್. ಜನವಸತಿ ಇರುವುದು 10ರಲ್ಲಿ. 2011ರ ಜನಗಣತಿಯಂತೆ ಜನ 64,473. ಆದರೆ ಹವಳದ ದಿಬ್ಬಗಳು ಸುತ್ತುಗಟ್ಟಿದ ಲಗೂನುಗಳ ಹರವು 4,200 ಚದರ ಕಿಲೋಮೀಟರ್. ಅಂದರೆ ಇಲ್ಲಿ ಊರು ಎಂದರೆ ಮುಖ್ಯವಾಗಿ ನೀರು. ಶಾಲೆ, ಮಸೀದಿ, ಆಸ್ಪತ್ರೆ, ತೋಟ ಎಲ್ಲ ಆ ನೀರಿನ ಅಂಚಿನಲ್ಲಿ ಸ್ವಲ್ಪ ಜಾಗ ಮಾಡಿಕೊಂಡು ಕೂತಿವೆ.

ಆ ಜಾಗವನ್ನು ಮಾಡಿಕೊಟ್ಟದ್ದೂ ಜೀವಿಗಳೇ. ಕಡಲೊಳಗಿನ ಜ್ವಾಲಾಮುಖಿ ಬೆಟ್ಟಗಳು ನಿಧಾನವಾಗಿ ಕುಸಿಯುತ್ತ ಹೋದಂತೆ ಅವುಗಳ ಅಂಚಿನಲ್ಲಿದ್ದ ಹವಳ ಬೆಳಕಿನ ಆಸೆಗೆ ಮೇಲೆ ಮೇಲೆ ಬೆಳೆಯುತ್ತ ಉಂಗುರವಾಗಿ ಉಳಿಯಿತು ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ವಿವರಿಸಿದ್ದ. ಉಂಗುರದ ಮೇಲೆ ಬೀಳುವ ಬಿಳಿ ಮರಳೆಂದರೆ ಹವಳದ ಪುಡಿ, ಚಿಪ್ಪಿನ ಚೂರು. ಗಿಳಿಮೀನುಗಳು ಪಾಚಿಗಾಗಿ ಹವಳದ ಕಲ್ಲನ್ನು ಕೆರೆದು ತಿಂದು ಹಿಂದಿನಿಂದ ಬಿಡುವ ಪುಡಿಯ ಪಾಲೂ ಅದರಲ್ಲಿ ದೊಡ್ಡದು. ದಿಬ್ಬ ಬದುಕಿರುವ ತನಕ ಮರಳು ಹುಟ್ಟುತ್ತದೆ, ಅಲೆಯ ಪೆಟ್ಟು ಹೊರಗೇ ಒಡೆಯುತ್ತದೆ, ಊರು ನಿಲ್ಲುತ್ತದೆ. ನಮ್ಮಲ್ಲಿ ಕಾಡು ಹೋದರೆ ಊರು ಬಡವಾಗುತ್ತದೆ. ಇಲ್ಲಿ ಹವಳ ಹೋದರೆ ಊರಿನ ನೆಲವೇ ಹೋಗುತ್ತದೆ. ಬಂಗಾರಂ ಬಳಿಯ ಜನವಸತಿಯಿಲ್ಲದ ಪರಳಿ ಎಂಬ ಪುಟ್ಟ ದ್ವೀಪಗಳಲ್ಲಿ ಒಂದು ಪೂರ್ತಿ ಕೊಚ್ಚಿಹೋಗಿರುವುದನ್ನು 2017ರಲ್ಲಿ ಸಂಶೋಧಕರೊಬ್ಬರು ಹಳೆಯ ನಕ್ಷೆಗಳ ಜತೆ ಹೋಲಿಸಿ ತೋರಿಸಿದ್ದರು. 1968ರಲ್ಲಿ ಅದು 0.032 ಚದರ ಕಿಲೋಮೀಟರ್ ಇತ್ತು.

ನಾನು ಉಳಿದುಕೊಂಡದ್ದು ಮೀನುಗಾರರೊಬ್ಬರ ಮನೆಯಲ್ಲಿ. ಬಂದರಿನ ವ್ಯಾಪಾರಿ ಗೆಳೆಯನೊಬ್ಬನ ಕಡೆಯಿಂದ ಆದ ಪರಿಚಯ. ಅರುವತ್ತರ ಹತ್ತಿರದ ಅವರನ್ನು ನಾನು 'ಇಕ್ಕ' ಎಂದೆ, ಅವರು ನನ್ನನ್ನು 'ಮಾಷ್' ಎಂದರು. ಅವರ ಮಾತು ಜೆಸರಿ. ಹಳೆಯ ಮಲಯಾಳದ ಧಾಟಿ. ಕಾಸರಗೋಡಿನ ಮಲಯಾಳ ಕಿವಿಗೆ ಬಿದ್ದವನಿಗೆ ಅರ್ಧ ಅಲ್ಲೇ ತಿಳಿಯುತ್ತದೆ, ಉಳಿದರ್ಧಕ್ಕೆ ಅವರ ಕೈಸನ್ನೆ ಇತ್ತು. ಮೊದಲ ರಾತ್ರಿಯೇ ಕೇಳಿದರು: "ನಾಳೆ ದೋಣಿಗೆ ಬರುತ್ತೀರಾ ಮಾಷೇ? ವಾಂತಿ ಮಾಡುವುದಾದರೆ ಗಾಳಿ ಹೋಗುವ ಕಡೆಗೆ ಮಾಡಬೇಕು, ಅಷ್ಟೇ."

ಬೆಳಗ್ಗೆ ಕತ್ತಲಿರುವಾಗಲೇ ಹೊರಟೆವು. ಮೊದಲ ಕೆಲಸ ಲಗೂನಿನೊಳಗೆ. ಅಲ್ಲಿ 'ಚಾಳ' ಹಿಡಿಯಬೇಕು. ಚಾಳ ಎಂದರೆ ಬೆರಳುದ್ದದ ಮರಿಮೀನುಗಳು, ದೊಡ್ಡ ಮೀನಿಗೆ ಜೀವಂತ ಎರೆ. ಹವಳದ ಬಂಡೆಗಳ ಪಕ್ಕ ಬಲೆ ಹಾಸಿ, ಮೀನಿನ ತುಣುಕು ಉದುರಿಸಿ, ಕನ್ನಡಕ ಹಾಕಿದ ಇಬ್ಬರು ಹುಡುಗರು ನೀರೊಳಗೆ ಮುಖ ಇಟ್ಟು ಕಾದರು. ಅವರ ಸನ್ನೆಗೆ ಬಲೆಯ ನಾಲ್ಕು ಮೂಲೆ ಒಟ್ಟಿಗೆ ಮೇಲೆದ್ದಿತು. ಹಿಡಿದ ಚಾಳವನ್ನು ಸಾಯದ ಹಾಗೆ ದೋಣಿಯ ನಡುವಿನ ತೊಟ್ಟಿಗೆ ಬಿಟ್ಟರು. ಆ ತೊಟ್ಟಿಗೆ ಕಡಲ ನೀರು ಒಳಗೆ ಬಂದು ಹೊರಗೆ ಹೋಗುತ್ತಲೇ ಇರುತ್ತದೆ.

ಹವಳದ ಗೋಡೆಯ ಕಿಂಡಿ ದಾಟಿ ಹೊರಗಡಲಿಗೆ ಬಂದ ಮೇಲೆ ಎಲ್ಲರ ಕಣ್ಣೂ ಆಕಾಶಕ್ಕೆ ಹೋಯಿತು. ಹುಡುಕುತ್ತಿದ್ದುದು ಹಕ್ಕಿಗಳನ್ನು. ಕೇದರ್, ಅಂದರೆ ಟ್ಯೂನಾ ಮೀನಿನ ಹಿಂಡು ಅಡಿಯಿಂದ ಸಣ್ಣ ಮೀನುಗಳನ್ನು ಅಟ್ಟಿದಾಗ ಅವು ಮೇಲ್ಮೈಗೆ ಚಿಮ್ಮುತ್ತವೆ, ಅವುಗಳ ಮೇಲೆ ರೀವ ಹಕ್ಕಿಗಳು ಎರಗುತ್ತವೆ. ಹಕ್ಕಿ ಎರಗಿದಲ್ಲಿ ಕೇದರ್ ಉಂಟು. ಇಕ್ಕ ಬಹಳ ದೂರದಲ್ಲಿ ಏನನ್ನೋ ಕಂಡು ಬೆರಳು ತೋರಿಸಿದರು. ನನಗೆ ಅದು ಕಾಣುವ ಹೊತ್ತಿಗೆ ದೋಣಿ ಅರ್ಧ ದಾರಿ ಕ್ರಮಿಸಿತ್ತು.

ಆಮೇಲಿನದು ಕೆಲವೇ ನಿಮಿಷದ ಕೆಲಸ. ಒಬ್ಬ ತೊಟ್ಟಿಯಿಂದ ಹಿಡಿ ಹಿಡಿ ಚಾಳ ಎತ್ತಿ ಎಸೆದ. ಪಂಪಿನ ನೀರು ಕಡಲ ಮೇಲೆ ತುಂತುರಾಗಿ ಬಿದ್ದು, ಮೇಲ್ಮೈಯೆಲ್ಲ ಮರಿಮೀನು ಕುಣಿಯುವಂತೆ ತೋರಿತು. ಹಿಂಬದಿಯಲ್ಲಿ ಸಾಲಾಗಿ ನಿಂತವರು ಗಳ ಬೀಸಿದರು. ಗಳಕ್ಕೆ ದಾರ, ದಾರಕ್ಕೆ ಮುಳ್ಳಿಲ್ಲದ ಕೊಕ್ಕೆ. ಕಚ್ಚಿದ ಕೇದರ್ ಗಾಳಿಯಲ್ಲಿ ಹಾರಿ ಬಂದು, ತನ್ನಷ್ಟಕ್ಕೆ ಕೊಕ್ಕೆ ಕಳಚಿ ಹಲಗೆಯ ಮೇಲೆ ಬೀಳುವಷ್ಟರಲ್ಲಿ ಗಳ ಮತ್ತೆ ನೀರಿಗೆ ಹೋಗಿರುತ್ತಿತ್ತು. ಒಂದು ಗಳಕ್ಕೆ ಒಂದು ಮೀನು. ಬಲೆಗೆ ಬಿದ್ದು ಸಾಯುವ ಆಮೆಯಿಲ್ಲ, ತೆಗೆದು ಬಿಸಾಡುವ ಕಸವಿಲ್ಲ, ತಳ ಕೆರೆಯುವ ಸರಪಳಿಯಿಲ್ಲ. ನಮ್ಮ ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ಟ್ರಾಲ್ ಬೋಟುಗಳು ಮೀನುಹುಡಿ ಕಾರ್ಖಾನೆಗೆಂದು ಸುರಿಯುವ ಮರಿಮೀನಿನ ರಾಶಿ ನೋಡಿ ಬಲ್ಲ ನನಗೆ ಇದು ಬೇರೆಯೇ ಲೋಕವಾಗಿತ್ತು.

ಗಳದ ಈ ವಿದ್ಯೆ ಮೂಲದಲ್ಲಿ ಮಿನಿಕಾಯ್ ದ್ವೀಪದ್ದು. ಅಲ್ಲಿನವರ ಮಾತು ಮಹಲ್, ನಂಟು ಮಾಲ್ಡೀವ್ಸ್ ಕಡೆಗೆ. 1960ರ ದಶಕದಿಂದ ಮೀನುಗಾರಿಕೆ ಇಲಾಖೆ ಯಂತ್ರದೋಣಿಗಳನ್ನು ತಂದು, ಇದನ್ನು ಉಳಿದ ದ್ವೀಪಗಳಿಗೂ ಹಬ್ಬಿಸಿತು. ಹೆಚ್ಚು ಮೀನು ಸಿಗಲಿ, ಜನರ ಕೈಯಲ್ಲಿ ನಾಲ್ಕು ಕಾಸು ಆಡಲಿ ಎನ್ನುವುದು ಇಲಾಖೆಯ ಉದ್ದೇಶ. ಹವಳ ಉಳಿಸುವ ಮಾತು ಅಂದು ಯಾರ ಬಾಯಲ್ಲೂ ಇರಲಿಲ್ಲ.

ಮಧ್ಯಾಹ್ನ ಮರಳಿದಾಗ ದಡದಲ್ಲಿ ಒಲೆ ಉರಿಯುತ್ತಿತ್ತು. ಕೇದರನ್ನು ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ತೆಂಗಿನ ಸಿಪ್ಪೆಯ ಹೊಗೆ ಹಾಕಿ, ಬಿಸಿಲಲ್ಲಿ ಒಣಗಿಸಿದರೆ ಕಟ್ಟಿಗೆಯಷ್ಟು ಗಟ್ಟಿಯಾದ 'ಮಾಸ್' ಆಗುತ್ತದೆ. ವರ್ಷವಿಟ್ಟರೂ ಕೆಡುವುದಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ದೋಣಿ ದಡಕ್ಕೆಳೆದ ಮೇಲೆ ಮನೆ ನಡೆಸುವುದು ಇದೇ. ಇಕ್ಕನ ಹೆಂಡತಿ, ನಾನು 'ಇತ್ತಾತ' ಎನ್ನುತ್ತಿದ್ದವರು, ಮಾಸನ್ನು ಜಜ್ಜಿ ತೆಂಗಿನತುರಿ, ಬೆಳ್ಳುಳ್ಳಿ, ಅರಸಿನ ಬೆರೆಸಿ 'ಮಾಸ್ ಪೊಡಿಚ್ಚದ್' ಮಾಡಿ ಬಡಿಸಿದರು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಕೇದರ್. ನನಗೆ ಬಾಯಿ ಬದಲಾಯಿಸುವ ಚಪಲ. "ಲಗೂನಿನಲ್ಲಿ ಅಷ್ಟು ಬಣ್ಣದ ಮೀನು ಇವೆಯಲ್ಲ ಇತ್ತಾತ, ಅವನ್ನು ಯಾಕೆ ಹಿಡಿಯುವುದಿಲ್ಲ?" ಎಂದು ಕೇಳಿದೆ. ಅವರು ನಕ್ಕರು. "ಹಿಡಿಯುತ್ತೇವೆ, ಮಳೆಗಾಲದಲ್ಲಿ, ಕಾಯಿಲೆ ಬಿದ್ದವರಿಗೆ, ನೆಂಟರು ಬಂದಾಗ. ದಿನಾ ಅದನ್ನು ಯಾರು ತಿನ್ನುತ್ತಾರೆ? ಮೀನು ಅಂದರೆ ಚೂರ ಅಲ್ಲವಾ?" ಚೂರ ಎಂದರೆ ನಮ್ಮ ಕೇದರ್.

ಅಡುಗೆಮನೆಯ ಆ ಮಾತಿನ ತೂಕ ನನಗೆ ಗೊತ್ತಾದದ್ದು ಮರುದಿನ ಲಗೂನಿನ ಹೊರ ಅಂಚಿನಲ್ಲಿ ಕನ್ನಡಕ ಹಾಕಿ ಮುಖ ತಗ್ಗಿಸಿದಾಗ. ಹವಳದ ಬಹುಪಾಲು ಸತ್ತಿತ್ತು. ಮುರಿದ ಕೊಂಬೆಗಳು, ಬೂದು ಬಣ್ಣದ ಕಲ್ಲುಗಳು. ಆದರೆ ಆ ಕಲ್ಲುಗಳ ಮೇಲೆ ಹಸಿರು ಪಾಚಿಯ ಕಂಬಳಿ ಇರಲಿಲ್ಲ. ಗಿಳಿಮೀನುಗಳ ಹಿಂಡು ದನದ ಮಂದೆಯ ಶಿಸ್ತಿನಲ್ಲಿ ಕಲ್ಲು ಕೆರೆಯುತ್ತ ಸಾಗುತ್ತಿತ್ತು. ಕಿವಿಗೆ ಕರಕರ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಅವು ಗುಡಿಸಿ ಇಟ್ಟ ಜಾಗದಲ್ಲಿ ಅಲ್ಲಲ್ಲಿ ಅಂಗೈಯಗಲದ ಹೊಸ ಹವಳ ಚಿಗುರಿತ್ತು.

ಹವಳದ ಸಾವಿಗೆ ಕಾರಣ ದ್ವೀಪದ್ದಲ್ಲ. ಹವಳದ ಪುಟ್ಟ ಪ್ರಾಣಿ ತನ್ನ ಮೈಯೊಳಗೆ ಏಕಕೋಶದ ಪಾಚಿಯನ್ನು ಇಟ್ಟುಕೊಂಡು, ಅದು ಬಿಸಿಲಿನಲ್ಲಿ ತಯಾರಿಸುವ ಆಹಾರದ ಮೇಲೆ ಬದುಕುತ್ತದೆ. ನೀರು ಬೇಸಗೆಯ ಮಾಮೂಲು ಬಿಸಿಯನ್ನು ಒಂದು ಡಿಗ್ರಿ ಮೀರಿ ಕೆಲವು ವಾರ ನಿಂತರೂ ಸಾಕು, ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನೀರು ಬೇಗ ತಣಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗೆ ದೊಡ್ಡ ಮಟ್ಟದಲ್ಲಿ ಆಯಿತು. 2024ರ ಮೇ ತಿಂಗಳಲ್ಲಿ ಮತ್ತೆ ತೀವ್ರವಾಗಿ ಬಿಳಿಚಿದೆಯೆಂದು ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವರದಿ ಮಾಡಿತು.

ಈ ಏಳುಬೀಳನ್ನು ಕಾಲು ಶತಮಾನದಿಂದ ಬರೆದಿಡುತ್ತ ಬಂದಿರುವುದು ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್. ರೋಹನ್ ಆರ್ಥರ್ ಮತ್ತು ಅವರ ಸಂಗಡಿಗರು ಅಗತ್ತಿ, ಕಡಮತ್, ಕವರತ್ತಿಗಳ ದಿಬ್ಬಗಳನ್ನು ಮತ್ತೆ ಮತ್ತೆ ಅಳೆದು ಕೊಟ್ಟ ಲೆಕ್ಕದ ಪ್ರಕಾರ 1998ರಲ್ಲಿ ಸುಮಾರು 37 ಶೇಕಡಾ ಇದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ 19-20 ಶೇಕಡಾಕ್ಕೆ ಇಳಿದಿದೆ. ಉಳಿದ ಹವಳ ಬಿಸಿಯನ್ನು ಮೊದಲಿಗಿಂತ ಕೊಂಚ ಚೆನ್ನಾಗಿ ತಾಳಿಕೊಳ್ಳುತ್ತದೆ, ಆದರೆ ಚೇತರಿಕೆಯ ವೇಗ ತಗ್ಗಿದೆ. ಎರಡು ಹೊಡೆತಗಳ ನಡುವೆ ಆರು ವರ್ಷದಷ್ಟಾದರೂ ಬಿಡುವು ಸಿಕ್ಕಿದರೆ ಮಾತ್ರ ಅದು ತಲೆಯೆತ್ತುತ್ತದೆ.

ಇಷ್ಟು ಹೊಡೆತ ತಿಂದೂ ಈ ದಿಬ್ಬಗಳು ಪ್ರತಿಸಲ ಏಳಲು ನೋಡಿದ್ದರ ಗುಟ್ಟು ಅಗತ್ತಿಯ ಒಲೆಯ ಮುಂದೆ ಇದೆ. ಹವಳ ಸತ್ತಾಗ ಬರಿದಾದ ಕಲ್ಲಿಗೆ ಮೊದಲು ಅಂಟುವುದು ಪಾಚಿ. ಅದನ್ನು ಮೇಯುವ ಗಿಳಿಮೀನು, ಸರ್ಜನ್ ಮೀನುಗಳು ಇದ್ದರೆ ಹವಳದ ಮರಿಗೆ ಕೂರಲು ಜಾಗ ಉಂಟು. ಅವನ್ನು ಹಿಡಿದು ತಿಂದಿದ್ದರೆ ಇಲ್ಲ. ಜಗತ್ತಿನ ಎಷ್ಟೋ ಹವಳದ ಊರುಗಳಲ್ಲಿ ದಿಬ್ಬದ ಮೀನೇ ದಿನದ ಅನ್ನ. ಇಲ್ಲಿ ಜನದಟ್ಟಣೆ ಹೆಚ್ಚು, ಎಲ್ಲರೂ ಮೀನು ತಿನ್ನುವವರೇ. ಆದರೂ ದಿಬ್ಬದ ಮೀನು ಉಳಿಯಿತು. ಮನಸ್ಸು ಹೊರಗಡಲಿನ ಕೇದರಿನ ಮೇಲಿದ್ದುದರಿಂದ ಉಳಿಯಿತು. ಅರಣ್ಯ ಇಲಾಖೆಯ ಬೇಲಿ, ಫಲಕ, ದಂಡ ಮಾಡಲಾಗದ ಕೆಲಸವನ್ನು ನಾಲಿಗೆಯ ರುಚಿಯೊಂದು ಮಾಡಿತ್ತು.

ಹಾಗೆಂದು ಕಾನೂನು ಬೇಡವೆಂದಲ್ಲ. ದೈತ್ಯ ಮರುವಾಯಿಯನ್ನು, ಕಡಲಸೌತೆಯನ್ನು ಕಾಪಾಡಲು ಕಾನೂನೇ ಬೇಕು. ಕಡಲಸೌತೆಯನ್ನು ದ್ವೀಪದವರು ತಿನ್ನುವುದಿಲ್ಲ. ಪೂರ್ವ ಏಷ್ಯಾದ ಮಾರುಕಟ್ಟೆಗಾಗಿ ಕಳ್ಳಸಾಗಣೆಯಾಗುತ್ತದೆ. ಲಗೂನಿನ ತಳದ ಕೊಳೆಯನ್ನು ತಿಂದು ಮರಳು ಸೋಸುವ ಈ ಪ್ರಾಣಿ 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿತು. 2020ರಲ್ಲಿ ಚೆರಿಯಪಾಣಿ ದಿಬ್ಬದ ಸುತ್ತ 239 ಚದರ ಕಿಲೋಮೀಟರನ್ನು ಅದಕ್ಕೇ ಮೀಸಲಿಟ್ಟರು. ಕವರತ್ತಿಯಾಚೆಯ ಪಿಟ್ಟಿ ಎಂಬ ಒಂದೂಕಾಲು ಹೆಕ್ಟೇರಿನ ಬೋಳು ಮರಳು ದಿಬ್ಬ 1995ರಿಂದ ಹಕ್ಕಿಧಾಮ. ಸಾವಿರಾರು ರೀವಗಳು ಮೊಟ್ಟೆಯಿಡುವ ಜಾಗ. ಹಿಂದೆ ಅಲ್ಲಿಗೆ ದೋಣಿ ಹೋಗುತ್ತಿದ್ದುದು ಮೊಟ್ಟೆ ತರಲು. "ಈಗ ಹೋಗುವುದಿಲ್ಲ," ಎಂದರು ಇಕ್ಕ. "ಹಕ್ಕಿ ಇಲ್ಲದಿದ್ದರೆ ಚೂರ ಎಲ್ಲಿದೆಯೆಂದು ನನಗೆ ತೋರಿಸುವವರು ಯಾರು?" ನಿಯಮ ಬದುಕಿನ ಲೆಕ್ಕಕ್ಕೆ ಹೊಂದಿಕೊಂಡಲ್ಲಿ ಕಾವಲುಗಾರನ ಕೆಲಸ ಹಗುರವಾಗುತ್ತದೆ.

ಹೊಂದಿಕೊಳ್ಳದಿದ್ದಲ್ಲಿ ಏನಾಗುತ್ತದೆಂಬುದಕ್ಕೆ ಅಗತ್ತಿಯ ಆಮೆಗಳೇ ಸಾಕ್ಷಿ. ಹಿಂದೆ ಹಸಿರು ಆಮೆಯ ಕೊಬ್ಬು ಕಾಯಿಸಿದ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದರು. ಕಾಯ್ದೆ ಬಂತು, ಆಮೆ ಹಿಡಿಯುವುದು ನಿಂತಿತು. ಆಮೆಗಳು ಹೆಚ್ಚಿದವು. ಅವನ್ನು ತಿನ್ನುವ ದೊಡ್ಡ ಶಾರ್ಕುಗಳು ಮೀನುಗಾರಿಕೆಯಿಂದ ಕಡಿಮೆಯಾದದ್ದೂ ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರ ಊಹೆ. ಹಸಿರು ಆಮೆ ಮೇಯುವುದು ಕಡಲಹುಲ್ಲು. ಅಗತ್ತಿಯ ಲಗೂನಿನಲ್ಲಿ ಮೊದಲು ದಟ್ಟವಾಗಿದ್ದ ಹುಲ್ಲುಗಾವಲನ್ನು ಅವು ಬುಡಮಟ್ಟ ಮೇಯ್ದವು. ಆ ಹುಲ್ಲಿನ ನಡುವೆ ಬೆಳೆಯುತ್ತಿದ್ದ ಮೀನುಮರಿಗಳಿಗೆ ಆಸರೆ ತಪ್ಪಿತು. ಅಲ್ಲಿ ಹುಲ್ಲು ಮುಗಿದಂತೆ ಆಮೆಗಳು ಕಡಮತ್‌ಗೆ, ಆಮೇಲೆ ಬೇರೆ ದ್ವೀಪಗಳಿಗೆ ಸಾಗಿದವು. ಹೋದಲ್ಲೆಲ್ಲ ಅದೇ ಕತೆ. ಬೇಲಿ ಹಾಕಿ ಆಮೆ ಬಾರದಂತೆ ಮಾಡಿದ ತುಂಡುಗಳಲ್ಲಿ ಹುಲ್ಲು ಮತ್ತೆ ಚಿಗುರಿದ್ದನ್ನು ಸಂಶೋಧಕರು ಕಂಡಿದ್ದಾರೆ.

ಇಕ್ಕನಿಗೆ ಈ ಪ್ರಬಂಧಗಳ ಗೊಡವೆ ಬೇಕಿರಲಿಲ್ಲ. "ನಮ್ಮ ಬಲೆ ಹರಿಯುವುದು ಆಮೆ, ಲಗೂನಿನಲ್ಲಿ ಮೀನು ಕಡಿಮೆಯಾದದ್ದು ಆಮೆಯಿಂದ. ಹೊರಗಿನಿಂದ ಬಂದವರು ಆಮೆಯ ಫೋಟೋ ತೆಗೆದು ಖುಷಿಪಡುತ್ತಾರೆ. ನಷ್ಟ ನಮ್ಮ ಪಾಲಿಗೆ," ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. ಮಲೆನಾಡಿನಲ್ಲಿ ಆನೆ ಗದ್ದೆಗಿಳಿದ ಮರುದಿನ ಕೇಳುವ ಮಾತೇ ಇದು. ಒಂದು ಪ್ರಾಣಿಯನ್ನು ಉಳಿಸಿದ ಕೀರ್ತಿ ದೇಶಕ್ಕೆಲ್ಲ ಸೇರುತ್ತದೆ, ಖರ್ಚು ಮಾತ್ರ ಒಂದು ಊರು ಕೊಡುತ್ತದೆ. ಸಣ್ಣ ದ್ವೀಪದಲ್ಲಿ ಆ ಖರ್ಚನ್ನು ಹಂಚಿಕೊಳ್ಳಲು ಪಕ್ಕದೂರೇ ಇಲ್ಲ. ಆಮೆಯನ್ನು ಕೊಲ್ಲಬೇಕೆಂದು ಇಕ್ಕನೂ ಹೇಳಲಿಲ್ಲ. ತನ್ನ ಮಾತನ್ನು ಯಾರಾದರೂ ಬರೆದುಕೊಳ್ಳಬೇಕೆಂದು ಮಾತ್ರ ಅವರ ಆಸೆ.

ಅಗತ್ತಿಯಿಂದ ವೇಗದೋಣಿಯಲ್ಲಿ ಕಡಮತ್‌ಗೆ ಹೋದೆ. ಒಂಬತ್ತು ಕಿಲೋಮೀಟರ್ ಉದ್ದ, ಅತಿ ಅಗಲದಲ್ಲೂ ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು. ಒಂದೇ ರಸ್ತೆ, ಎರಡೂ ಕಡೆ ಕಡಲಿನ ಸದ್ದು. ಇದು ನಮ್ಮ ಜಿಲ್ಲೆಗೆ ಸೇರಿದ್ದ ದ್ವೀಪವೆಂಬ ಸಲುಗೆಯಿಂದ ನಡೆದಾಡಿದೆ. ಹಿರಿಯರೊಬ್ಬರು ತಮ್ಮ ಅಜ್ಜ ಓಡದಲ್ಲಿ ಮಂಗಳೂರಿಗೆ ಹುರಿ ಒಯ್ದು ಅಕ್ಕಿ ತರುತ್ತಿದ್ದ ಕತೆ ಹೇಳಿದರು. ಓಡ ಎಂದರೆ ಹಲಗೆಗಳನ್ನು ನಾರಿನ ಹುರಿಯಿಂದಲೇ ಹೊಲಿದು ಮಾಡಿದ ಹಾಯಿಹಡಗು.

ಮನೆಗಳ ಹಿತ್ತಲಲ್ಲಿ ಬಾವಿ. ಇಣುಕಿದರೆ ನೀರು ಕೈಗೆಟುಕುವಷ್ಟು ಮೇಲೆ. ಮಳೆಯ ನೀರು ಮರಳಿನಲ್ಲಿ ಇಂಗಿ, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತದೆ. ದ್ವೀಪದ ಸಿಹಿನೀರೆಂದರೆ ಇಷ್ಟೇ. ಕೊಡಪಾನದಲ್ಲಿ ಸೇದಿದರೆ ಸಮ. ಪಂಪಿಟ್ಟು ಎಳೆದರೆ ಅಡಿಯ ಉಪ್ಪು ಮೇಲೇರುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನೇ ಸಿಹಿಯಾಗಿಸುವ, ದಿನಕ್ಕೆ ಒಂದು ಲಕ್ಷ ಲೀಟರಿನ ಸ್ಥಾವರ ಶುರುವಾಯಿತು. ಆಮೇಲೆ ಬೇರೆ ದ್ವೀಪಗಳಿಗೂ ಬಂತು. ಆದರೂ ಬಾವಿಯನ್ನು ಯಾರೂ ಮುಚ್ಚಿಲ್ಲ.

ಲಕ್ಷದ್ವೀಪದವರು ಮುಸ್ಲಿಮರು, ಆದರೆ ಮನೆತನ ನಡೆಯುವುದು ತಾಯಿಯ ಕಡೆಯಿಂದ. ಅಳಿಯಸಂತಾನದ ತುಳುನಾಡಿನಿಂದ ಹೋದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇಲ್ಲಿ ಆಸ್ತಿ ಎರಡು ಬಗೆ. ಸ್ವಂತ ದುಡಿಮೆಯದು 'ತಿಂಗಳಾಳ್ಚ' ಸ್ವತ್ತು, ಅಂದರೆ ಸೋಮವಾರದ್ದು. ಅದನ್ನು ಮಾರಬಹುದು, ಮಕ್ಕಳಿಗೆ ಕೊಡಬಹುದು. ತರವಾಡಿನ ಪಿತ್ರಾರ್ಜಿತ 'ವೆಳ್ಳಿಯಾಳ್ಚ' ಸ್ವತ್ತು, ಶುಕ್ರವಾರದ್ದು; ಅದರ ತೆಂಗಿನಕಾಯಿಯಲ್ಲಿ ಎಲ್ಲರಿಗೂ ಪಾಲಿದೆ, ಆದರೆ ಯಾರೊಬ್ಬರೂ ತನ್ನದೆಂದು ಮಾರುವಂತಿಲ್ಲ. ಫಲ ನಿನ್ನದು, ಮರ ಕುಟುಂಬದ್ದು. ಹವಳದ ದಿಬ್ಬವನ್ನು ಆಳಲು ಇದಕ್ಕಿಂತ ಒಳ್ಳೆಯ ಕಟ್ಟಳೆ ಯಾವ ಪರಿಸರ ಇಲಾಖೆಯ ಕಡತದಲ್ಲಿದೆ ಎಂದು ಯೋಚಿಸಿದೆ.

ಕಡಮತ್‌ನ ರಸ್ತೆ ಬದಿಯಲ್ಲಿ ಹೊಸ ಮನೆಯೊಂದಕ್ಕೆ ಜಲ್ಲಿ, ಮರಳು ಸುರಿದಿತ್ತು. ಹಿಂದೆ ಮನೆ ಕಟ್ಟಲು ಹವಳದ ಕಲ್ಲನ್ನೇ ಒಡೆಯುತ್ತಿದ್ದರು, ಲಗೂನಿನ ಮರಳನ್ನೇ ಎತ್ತುತ್ತಿದ್ದರು. ಅದಕ್ಕೀಗ ತಡೆ ಇದೆ. ಬದಲಿಗೆ ಮಂಜಿಯಲ್ಲಿ ಬರುವುದು ನಮ್ಮ ಗುಡ್ಡದ ಕಲ್ಲು, ನಮ್ಮ ಹೊಳೆಯ ಮರಳು. ಒಂದು ಕಡೆಯ ತಳ ಉಳಿಯಿತೆಂದರೆ ಇನ್ನೊಂದು ಕಡೆಯದು ಹೋಯಿತು ಎಂದರ್ಥ. ಮರಳೆತ್ತಿ ಬೋಳಾದ ನಮ್ಮ ನದಿಗಳ ಪಾಡು ಬಲ್ಲವನಿಗೆ ಆ ರಾಶಿ ನೋಡಿ ಏನೂ ಅನಿಸದಿರಲು ಸಾಧ್ಯವಿರಲಿಲ್ಲ. ದ್ವೀಪದ ಪರಿಸರವನ್ನು ದ್ವೀಪದೊಳಗೇ ಉಳಿಸಬಹುದೆಂಬ ಮಾತು ಪೂರ್ತಿ ನಿಜವಲ್ಲ.

ಇಕ್ಕ ಆಸೆಪಟ್ಟ ಬರೆದುಕೊಳ್ಳುವ ಕೆಲಸವೂ ಇದೇ ಊರುಗಳಲ್ಲಿ ನಡೆದಿದೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ನಿನ ಜತೆ ಸೇರಿ ಕೆಲವು ದೋಣಿಗಳವರು ತಾವು ಎಲ್ಲಿಗೆ ಹೋದೆವು, ಎಷ್ಟು ಚಾಳ ಹಿಡಿದೆವು, ಎಷ್ಟು ಕೇದರ್ ಸಿಕ್ಕಿತು ಎಂದು ಪುಸ್ತಕದಲ್ಲಿ ದಾಖಲಿಸುತ್ತಾರೆ. ಚಾಳದ ಲೆಕ್ಕ ಮುಖ್ಯ, ಏಕೆಂದರೆ ಹೊರಗಡಲಿನ ಮೀನುಗಾರಿಕೆಯ ಬೀಗದ ಕೈ ಲಗೂನಿನಲ್ಲಿದೆ. ಹವಳ ಸತ್ತರೆ ಚಾಳ ಕಡಿಮೆ. ಚಾಳ ಇಲ್ಲದಿದ್ದರೆ ಗಳಕ್ಕೆ ಕೇದರ್ ಬಾರದು. ಕೇದರ್ ಬಾರದಿದ್ದರೆ ಜನ ಲಗೂನಿನ ಮೀನಿಗೇ ಕೈ ಹಾಕುತ್ತಾರೆ. ಆಮೇಲೆ ಪಾಚಿ ಮೇಯುವವರಿಲ್ಲ, ಹವಳ ಏಳುವುದಿಲ್ಲ. ಈ ಸರಪಳಿಯನ್ನು ನನಗೆ ವಿವರಿಸಿದ್ದು ವಿಜ್ಞಾನಿಯಲ್ಲ, ಪುಸ್ತಕ ಬರೆಯುವ ಹುಡುಗ. ತಾನು ಬರೆದ ಅಂಕಿಗಳನ್ನು ನೋಡುತ್ತ ನೋಡುತ್ತ ಅವನಿಗೆ ಅದು ಹೊಳೆದಿತ್ತು.

ಸರಪಳಿ ಈಗಾಗಲೇ ಅಲ್ಲಲ್ಲಿ ಸಡಿಲುತ್ತಿದೆ. ಮಾಸ್‌ನ ಬೆಲೆ ದೂರದ ಮಾರುಕಟ್ಟೆಗಳ ಏರಿಳಿತಕ್ಕೆ ಸಿಕ್ಕಿ ಕುಸಿದ ವರ್ಷ, ದಿಬ್ಬದ ಮುರು ಮೀನಿಗೆ ಹೊರಗಿನಿಂದ ಒಳ್ಳೆಯ ಬೆಲೆ ಬರುತ್ತದೆ. ಐಸು, ಫ್ರೀಜರು ಬಂದ ಮೇಲೆ ಅದನ್ನು ಕಳಿಸುವುದೂ ಸುಲಭ. ಮುರು ನಿಧಾನವಾಗಿ ಬೆಳೆಯುವ ಮೀನು. ಮೊಟ್ಟೆಯಿಡಲು ಗುಂಪು ಸೇರುವ ಜಾಗ ಒಂದನ್ನು ಪತ್ತೆ ಮಾಡಿದರೆ ಕೆಲವು ದಿನದಲ್ಲಿ ಹಿಂಡೇ ಖಾಲಿಯಾಗುತ್ತದೆ. ಪ್ರವಾಸಿಯ ತಟ್ಟೆಯೂ ಇದಕ್ಕೆ ಸೇರಿಕೊಂಡಿದೆ. 2024ರ ಜನವರಿಯಲ್ಲಿ ಪ್ರಧಾನಿ ಬಂದುಹೋದ ಮೇಲೆ ದೇಶದ ಕಣ್ಣು ಇತ್ತ ತಿರುಗಿತು. ಅದೇ ವರ್ಷ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಶುರುವಾಯಿತು. ಬಂದವರಿಗೆ ಬೇಕಾದದ್ದು ಬಣ್ಣದ, ಇಡಿಯಾಗಿ ಸುಟ್ಟ ದಿಬ್ಬದ ಮೀನು. ಕಡಮತ್, ಸುಹೇಲಿ, ಮಿನಿಕಾಯ್‌ಗಳ ಲಗೂನಿನ ಮೇಲೆ ಕಂಬ ನೆಟ್ಟು ವಿಲ್ಲಾ ಕಟ್ಟುವ ಯೋಜನೆಗಳಿವೆ. 2021ರಲ್ಲಿ ಬಂದ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮದ ವಿರುದ್ಧ ದ್ವೀಪಗಳೆಲ್ಲ ಒಂದಾಗಿ ಪ್ರತಿಭಟಿಸಿದ್ದು ತಮ್ಮ ನೆಲ ಕೈತಪ್ಪೀತೆಂಬ ಭಯದಿಂದ.

ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಾಧೀಶರಾಗಿದ್ದ ಆರ್.ವಿ. ರವೀಂದ್ರನ್ ಅವರ ಅಧ್ಯಕ್ಷತೆಯಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ಸಮಿತಿ, ದ್ವೀಪಗಳ ಅಭಿವೃದ್ಧಿಯ ಕೆಲಸಗಳನ್ನು ಅಲ್ಲಿನ ಚುನಾಯಿತ ಸಂಸ್ಥೆಗಳ ಜತೆ ಸಮಾಲೋಚಿಸಿ ಮಾಡಬೇಕೆಂದಿತ್ತು. ಒಲೆಯ ಮುಂದಿನ ಅನುಭವ ಆಡಳಿತದ ಕಡತ ಸೇರುವ ದಾರಿ ಅದೊಂದೇ. ಎಷ್ಟು ಕೋಣೆ, ಎಷ್ಟು ಸಿಹಿನೀರು, ಯಾವ ಮೀನು ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಬಾವಿಯ ನೀರು ಉಪ್ಪಾದಾಗ ಬೇರೆಡೆಗೆ ಹೋಗಲಾರದವರು.

ಕಡಲಿನ ಬಿಸಿಯನ್ನು ಇಳಿಸುವುದು ಅಗತ್ತಿಯ ಕೈಯಲ್ಲೂ ಇಲ್ಲ, ಕಡಮತ್‌ನ ಕೈಯಲ್ಲೂ ಇಲ್ಲ. ಅವರೆಲ್ಲ ಸುಟ್ಟ ಡೀಸೆಲ್ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಬಿಸಿ ಹುಟ್ಟುವುದು ನಮ್ಮಂಥ ದೊಡ್ಡ ದಡಗಳಲ್ಲಿ. ಅವರ ಕೈಯಲ್ಲಿರುವುದು ಎರಡು ಹೊಡೆತಗಳ ನಡುವಿನ ಬಿಡುವು ಮಾತ್ರ: ಗಿಳಿಮೀನು ಮೇಯುತ್ತಿರಬೇಕು, ಚಾಳ ಸಿಗುತ್ತಿರಬೇಕು, ಹೊಸ ಹವಳ ಕೂರಲು ಕಲ್ಲು ಚೊಕ್ಕಟವಿರಬೇಕು. ಆ ಬಿಡುವನ್ನು ಅವರು ಇಷ್ಟು ವರ್ಷ, ಸಂರಕ್ಷಣೆ ಎಂಬ ದೊಡ್ಡ ಹೆಸರಿಡದೆ, ಮೂರು ಹೊತ್ತು ಕೇದರ್ ಉಂಡು ಕಾಪಾಡಿದ್ದಾರೆ.

ಹಾಗಾಗಿ ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೋದವರು ಗಳದಲ್ಲಿ ಹಿಡಿದ ಕೇದರನ್ನೇ ಕೇಳಿ ತಿನ್ನಲಿ, ಅದಕ್ಕೆ ಸರಿಯಾದ ಬೆಲೆ ಕೊಡಲಿ. ಹೋಗದವರಿಗೂ ಮಂಗಳೂರಿನ ಪೇಟೆಯಲ್ಲಿ ಮಾಸ್ ಸಿಕ್ಕರೆ ಕೊಳ್ಳಲು ಅಡ್ಡಿಯಿಲ್ಲ. ಇಕ್ಕನ ಗಳಕ್ಕೆ ಗಿರಾಕಿ ಇರುವ ತನಕ ಅವರ ಮಗ ಲಗೂನಿನ ಮುರುವಿನ ಬೆನ್ನು ಹತ್ತಬೇಕಾಗಿಲ್ಲ. ದ್ವೀಪದವರು ತಮ್ಮ ಪಾಲಿನ ಕೆಲಸವನ್ನು ಊಟದ ಮೂಲಕವೇ ಮಾಡಿಕೊಂಡು ಬಂದಿರುವಾಗ, ದೊಡ್ಡ ದಡದ ನಮಗೆ ಸುಲಭದಲ್ಲಿ ಕೈಗೆಟುಕುವ ಮೊದಲ ಕೆಲಸವೂ ಅದೇ. ಬಿಸಿಯನ್ನು ತಗ್ಗಿಸುವ ಎರಡನೆಯ ಕೆಲಸ ಕಷ್ಟದ್ದು, ಆದರೆ ಅದು ಪೂರ್ತಿಯಾಗಿ ನಮ್ಮದೇ ಸಾಲ.